ಕಾರಣ ತೋರದೆ ಏರುವ ರಕ್ತಸಕ್ಕರೆ

ಮಧುಮೇಹವು ಇಂದು ನಮ್ಮ ನಾಡಿನಲ್ಲಿ ಅಪರಿಚಿತ ವ್ಯಾಧಿಯಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು, ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಈ ರೋಗಕ್ಕೆ ಒಳಗಾಗಿರುವರೆಂದು ಅಂದಾಜು ಮಾಡಿದೆ. ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವವರ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಒಬ್ಬ ಮಧುಮೇಹಿ ಇದ್ದೇ ಇರುವರೆಂದರೆ ಅತಿಶಯೋಕ್ತಿಯಾಗಲಾರದು. ಪಥ್ಯ, ವ್ಯಾಯಾಮ, ಔಷಧಿ ಈ ಮೂರರ ವಿಚಾರವನ್ನು ಬಲ್ಲವರು ಪದೇ ಪದೇ ಹೇಳಿರುವುದರಿಂದ ಅದನ್ನೇ ಇಲ್ಲಿ ಮತ್ತೆ ವಿವರಿಸುವ ಅಗತ್ಯವಿಲ್ಲ. ಈ ಮೂರನ್ನೂ ನಿಷ್ಠೆಯಿಂದ ಪಾಲಿಸುತ್ತಿದ್ದರೂ ರಕ್ತದ ಸಕ್ಕರೆ ಒಂದು ದಿನ ಇದ್ದಕ್ಕಿದ್ದಂತೆ ಏರಿ, ಏಕೆ ಏರಿತೆಂಬುದು ರೋಗಿಗೂ ಮನೆಯವರಿಗೂ ತಿಳಿಯದಂತಾದಾಗ ಏನು ಮಾಡಬೇಕೆಂಬುದೇ ಪ್ರಕೃತ ಲೇಖನದ ವಿಷಯ.

ಇಂಥ ಸಂದರ್ಭದಲ್ಲಿ ಮನೆಯವರ ಬಾಯಿಂದ ಹೊರಡುವ ಮೊದಲ ಮಾತು "ನಿನ್ನೆ ಏನು ತಿಂದಿರಿ?" ಎಂಬುದು. ಏನೂ ತಿನ್ನಲಿಲ್ಲವೆಂದರೆ ನಂಬುವವರು ಕಡಿಮೆ. ವಯಸ್ಸಾದ ತಂದೆಯವರು ಡಬ್ಬಿಯಿಂದ ಬೆಲ್ಲ ತೆಗೆದು ತಿಂದಿರಬೇಕು, ಅತ್ತೆಯವರು ಮದುವೆಯ ಮನೆಯಲ್ಲಿ ಹೋಳಿಗೆ ಮುಟ್ಟಿರಬೇಕು ಎಂಬ ಸಂಶಯ ಮೂಡುತ್ತದೆ. ಈ ಸಂಶಯದಿಂದ ಎರಡು ಬಗೆಯ ಕೇಡುಂಟು. ನಿಂದೆಗೆ ಅಂಜಿದ ರೋಗಿ ಕ್ರಮೇಣ ಪರೀಕ್ಷೆಯನ್ನೇ ಬಿಡುತ್ತಾನೆ. ಇಲ್ಲವೆ ಬಂದ ಅಂಕಿಯನ್ನು ತಗ್ಗಿಸಿ ಬರೆದಿಡುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಎಲ್ಲರ ದೃಷ್ಟಿಯೂ ಬೆಲ್ಲದ ಡಬ್ಬಿಯ ಮೇಲಿರುವಾಗ ನಿಜವಾದ ಕಾರಣವು ಕಾಣದೆ ಬೆಳೆಯುತ್ತದೆ. ಸಕ್ಕರೆಯು ಕಾರಣವಿಲ್ಲದೆ ಏರುವುದಿಲ್ಲ. ಕಾರಣವು ನಮಗೆ ತೋರದೆ ಇರಬಹುದು, ಅಷ್ಟೆ. ಅದನ್ನು ಒಂದು ಕ್ರಮದಿಂದ ಹುಡುಕಿದರೆ ಬಹುಮಟ್ಟಿಗೆ ಸಿಕ್ಕುತ್ತದೆ.

ಉಣ್ಣದಿದ್ದರೂ ಏರುವುದು ಹೇಗೆ?

ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಪ್ರತಿ ಡೆಸಿಲೀಟರಿಗೆ 100 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ಅಷ್ಟೂ ರಕ್ತದಲ್ಲಿರುವ ಸಕ್ಕರೆ ಕೇವಲ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚದಷ್ಟು. ಇದಕ್ಕೆ ಪ್ರತಿಯಾಗಿ ಪಿತ್ತಜನಕಾಂಗದಲ್ಲಿ, ಅಂದರೆ ಯಕೃತ್ತಿನಲ್ಲಿ, ಸುಮಾರು 100 ಗ್ರಾಂ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುತ್ತದೆ. ನಾವು ನಿದ್ರಿಸುವಾಗಲೂ ಮಿದುಳಿಗೆ ಆಹಾರ ಬೇಕಷ್ಟೆ. ಆದುದರಿಂದ ರಾತ್ರಿಯಿಡೀ ಯಕೃತ್ತು ತನ್ನ ಸಂಗ್ರಹದಿಂದ, ಹಾಗೂ ಹೊಸದಾಗಿ ತಯಾರಿಸಿ, ಗಂಟೆಗೆ ಸುಮಾರು 7ರಿಂದ 8 ಗ್ರಾಂ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಿರುತ್ತದೆ.

ಈ ಹರಿವಿಗೆ ತೂಬಿನಂತೆ ಕೆಲಸ ಮಾಡುವುದು ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್. ಅದು ಸಾಕಷ್ಟಿದ್ದರೆ ತೂಬು ಅಳತೆಗೆ ತಕ್ಕಷ್ಟೇ ತೆರೆದಿರುತ್ತದೆ. ಇನ್ಸುಲಿನ್ ಕಡಿಮೆಯಾದರೆ, ಅಥವಾ ಅದಕ್ಕೆ ಎದುರಾಗಿ ವರ್ತಿಸುವ ಕಾರ್ಟಿಸೋಲ್, ಅಡ್ರಿನಲಿನ್, ಗ್ಲೂಕಗಾನ್, ಬೆಳವಣಿಗೆಯ ಹಾರ್ಮೋನು ಮೊದಲಾದವು ಹೆಚ್ಚಾದರೆ, ತೂಬು ಅಗಲವಾಗಿ ತೆರೆಯುತ್ತದೆ. ಆಗ ಒಂದು ತುತ್ತನ್ನೂ ಉಣ್ಣದವನ ರಕ್ತದಲ್ಲಿಯೂ ಸಕ್ಕರೆ 200ನ್ನು ದಾಟಬಹುದು. ಈ ಒಂದು ಸಂಗತಿಯನ್ನು ಮನೆಯವರು ಮನದಟ್ಟು ಮಾಡಿಕೊಂಡರೆ ಅರ್ಧದಷ್ಟು ನಿಂದೆ ತಾನಾಗಿಯೇ ನಿಲ್ಲುವುದು.

ಮೊದಲು ಅಳತೆಯ ಪರಿಶೀಲನೆ

ಅಂಕಿಯು ಅನಿರೀಕ್ಷಿತವಾಗಿ ಹೆಚ್ಚು ಬಂದಾಗ ಮೊದಲು ಮಾಡಬೇಕಾದುದು ಕೈಗಳನ್ನು ಸಾಬೂನಿನಿಂದ ತೊಳೆದು, ಒರಸಿ, ಮತ್ತೊಮ್ಮೆ ಪರೀಕ್ಷಿಸುವುದು. ಹಣ್ಣು ಸುಲಿದ ಬೆರಳಿಗೆ ಅಂಟಿದ ರಸವು ಒಂದು ಹನಿ ರಕ್ತದೊಂದಿಗೆ ಬೆರೆತರೆ ಸಾಕು, ಅಂಕಿ ಬಹಳವಾಗಿ ಏರುತ್ತದೆ. ಸ್ಪಿರಿಟಿನ ಹತ್ತಿಯಿಂದ ಒರಸಿದರೂ ಈ ದೋಷ ಪೂರ್ತಿ ಹೋಗುವುದಿಲ್ಲವೆಂದೂ ನೀರಿನಿಂದ ತೊಳೆದರೆ ಹೋಗುವುದೆಂದೂ ಜಪಾನಿನ ವೈದ್ಯರು 2011ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಪರೀಕ್ಷಾಪಟ್ಟಿಗಳ ಅವಧಿ ಮುಗಿದಿದೆಯೇ, ಅವುಗಳ ಡಬ್ಬಿಯ ಮುಚ್ಚಳ ಮಳೆಗಾಲದ ತೇವದಲ್ಲಿ ತೆರೆದುಳಿದಿತ್ತೇ ಎಂಬುದನ್ನೂ ನೋಡಬೇಕು.

ಮನೆಯ ಯಂತ್ರಕ್ಕೆ ಒಂದು ಮಿತಿಯಿದೆ. 100ಕ್ಕೆ ಮೇಲ್ಪಟ್ಟ ಅಂಕಿಗಳಲ್ಲಿ ಶೇಕಡ 15ರಷ್ಟು ಆಚೀಚೆಯನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪಿಕೊಂಡಿದೆ. ಎಂದರೆ ಪ್ರಯೋಗಶಾಲೆಯಲ್ಲಿ 200 ಬರುವ ರಕ್ತಕ್ಕೆ ಮನೆಯಲ್ಲಿ 170 ಬಂದರೂ 230 ಬಂದರೂ ಯಂತ್ರ ಕೆಟ್ಟಿತೆಂದು ಹೇಳುವಂತಿಲ್ಲ. ಒಂದೇ ಅಂಕಿಯನ್ನು ಹಿಡಿದು ಗಾಬರಿಪಡುವುದು ಸಲ್ಲದು. ಮೂರು ನಾಲ್ಕು ದಿನಗಳ ಅಂಕಿಗಳನ್ನು ವೇಳೆಯೊಂದಿಗೆ ಬರೆದು ನೋಡಿದಾಗ ಮಾತ್ರ ನಿಜವಾದ ಏರಿಕೆ ಯಾವುದೆಂಬುದು ಗೊತ್ತಾಗುತ್ತದೆ.

ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೂ ಇಂಥದೇ ಮಿತಿಯುಂಟು. ಕಬ್ಬಿಣದ ಅಂಶದ ಕೊರತೆಯಿಂದ ರಕ್ತಹೀನತೆಯುಳ್ಳವರಲ್ಲಿ ಇದು ಇರುವುದಕ್ಕಿಂತ ಹೆಚ್ಚು ತೋರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಈ ಕೊರತೆ ಬಹಳವಾಗಿರುವುದರಿಂದ, ಮನೆಯ ಅಂಕಿಗೂ ಈ ಪರೀಕ್ಷೆಗೂ ತಾಳೆಯಾಗದಿದ್ದರೆ ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸುವುದು ಯುಕ್ತ.

ಔಷಧಿಯು ದೇಹವನ್ನು ಸೇರಿದೆಯೇ?

ಇನ್ಸುಲಿನ್ನಿನ ಚರಿತ್ರೆಯ ಮೊದಲ ಅಧ್ಯಾಯವೇ ಈ ಪ್ರಶ್ನೆಯ ಮಹತ್ವವನ್ನು ತಿಳಿಸುತ್ತದೆ. 1922ರ ಜನವರಿ 11ರಂದು ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ, ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಸಿದ್ಧಪಡಿಸಿದ ಗ್ರಂಥಿಸಾರವನ್ನು ಚುಚ್ಚಿದರು. ಸಕ್ಕರೆ ಸ್ವಲ್ಪ ಇಳಿದರೂ ನಿರೀಕ್ಷಿಸಿದ ಗುಣ ಕಾಣಲಿಲ್ಲ. ಚುಚ್ಚಿದ ಸ್ಥಳದಲ್ಲಿ ಬಾವು ಕಾಣಿಸಿಕೊಂಡಿತು. ದೋಷವು ಸಾರದ ಅಶುದ್ಧತೆಯಲ್ಲಿತ್ತು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು ಚುಚ್ಚುಮದ್ದನ್ನು ಮತ್ತೆ ಆರಂಭಿಸಿದಾಗ ಸಕ್ಕರೆ ಚೆನ್ನಾಗಿ ಇಳಿಯಿತು. ಬಾಲಕನು ಮುಂದೆ 13 ವರ್ಷ ಬದುಕಿದನು. ಔಷಧಿಯು ಫಲಿಸದಿದ್ದಾಗ ರೋಗಿಯನ್ನಲ್ಲ, ಔಷಧಿಯನ್ನು ಮೊದಲು ಪರೀಕ್ಷಿಸಬೇಕೆಂಬ ಪಾಠ ಅಂದಿನದು. ಇಂದಿಗೂ ಅದು ಸಲ್ಲುತ್ತದೆ.

ಇನ್ಸುಲಿನ್ ಒಂದು ಪ್ರೋಟೀನು. ಅತಿಯಾದ ತಾಪದಿಂದಲೂ ಹೆಪ್ಪುಗಟ್ಟುವ ಶೀತದಿಂದಲೂ ಅದು ಕೆಡುತ್ತದೆ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು. ಬಳಕೆಯಲ್ಲಿರುವ ಸೀಸೆಯನ್ನು ತಂಪಾದ ಸ್ಥಳದಲ್ಲಿಟ್ಟು ಸಾಮಾನ್ಯವಾಗಿ ನಾಲ್ಕು ವಾರಗಳೊಳಗೆ ಮುಗಿಸಬೇಕು. ರಾಯಚೂರು, ಕಲಬುರಗಿಗಳಂಥ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಅಲ್ಲಿ ಬಸ್ಸಿನ ಕಿಟಕಿಯ ಪಕ್ಕದ ಚೀಲದಲ್ಲೋ ತಗಡಿನ ಮಾಡಿನ ಕೆಳಗಿನ ಗೂಡಿನಲ್ಲೋ ಇಟ್ಟ ಔಷಧಿ, ನೋಡಲು ಹಾಗೆಯೇ ಇದ್ದರೂ ಸತ್ವ ಕಳೆದುಕೊಂಡಿರಬಹುದು. ಶೈತ್ಯಪೆಟ್ಟಿಗೆ ಇಲ್ಲದ ಮನೆಯಲ್ಲಿ, ನೀರು ಚಿಮುಕಿಸಿದ ಮರಳಿನೊಳಗೆ ಮಣ್ಣಿನ ಕುಡಿಕೆಯನ್ನಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸೀಸೆಯನ್ನು ಅದರಲ್ಲಿಡುವುದು ಒಳ್ಳೆಯ ಉಪಾಯ.

ಸಿರಿಂಜಿನ ವಿಚಾರದಲ್ಲಿ ನಡೆಯುವ ಪ್ರಮಾದ ಇನ್ನೂ ಗಂಭೀರ. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯದು. ಪೆನ್ನಿನಲ್ಲಿ ಬರುವುದು 100 ಯೂನಿಟ್ ಸಾಂದ್ರತೆಯದು. 40ರ ಸಿರಿಂಜಿಗೆ ಕೆಂಪು ಟೊಪ್ಪಿಗೆ, 100ರದಕ್ಕೆ ಕಿತ್ತಳೆ ಬಣ್ಣದ ಟೊಪ್ಪಿಗೆ. 40ರ ಸೀಸೆಯ ಔಷಧಿಯನ್ನು 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 8 ಯೂನಿಟ್ ಮಾತ್ರ. ತದ್ವಿರುದ್ಧವಾದರೆ ಎರಡೂವರೆ ಪಟ್ಟು ಹೆಚ್ಚು ಸೇರಿ ಪ್ರಾಣಕ್ಕೇ ಅಪಾಯ. ಸಿರಿಂಜು ಬದಲಾದ ದಿನದಿಂದಲೇ ಸಕ್ಕರೆ ಏರಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಟೊಪ್ಪಿಗೆಯ ಬಣ್ಣವನ್ನೂ ಸೀಸೆಯ ಮೇಲಿನ ಅಂಕಿಯನ್ನೂ ತಾಳೆ ನೋಡಬೇಕು.

ಒಂದೇ ಜಾಗದಲ್ಲಿ ವರ್ಷಗಟ್ಟಲೆ ಚುಚ್ಚಿಕೊಂಡವರಿಗೆ ಅಲ್ಲಿ ಚರ್ಮದಡಿಯ ಕೊಬ್ಬು ಗಂಟುಕಟ್ಟುತ್ತದೆ. ಅಲ್ಲಿ ನೋವು ಕಡಿಮೆಯಾದುದರಿಂದ ರೋಗಿಗೆ ಅದೇ ಜಾಗ ಹಿತವೆನಿಸುತ್ತದೆ. ಆದರೆ ಗಂಟಿನಿಂದ ಔಷಧಿಯು ಸರಿಯಾಗಿ ರಕ್ತಕ್ಕೆ ಹೀರಲ್ಪಡುವುದಿಲ್ಲ. ಬೆರಳಿನಿಂದ ಒತ್ತಿ ನೋಡಿ ಗಂಟಿದ್ದರೆ ಆ ಜಾಗವನ್ನು ಬಿಡಬೇಕು. ಹಾಗೆ ಬಿಟ್ಟಾಗ ಅದೇ ಪ್ರಮಾಣದ ಔಷಧಿ ಹೆಚ್ಚು ಕೆಲಸ ಮಾಡಿ ಸಕ್ಕರೆ ಕುಸಿಯುವ ಸಂಭವವಿರುವುದರಿಂದ, ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ಹೊಂದಿಸಿಕೊಳ್ಳಬೇಕು.

ಬೆಳಗಿನ ಜಾವದ ಏರಿಕೆ

ರಾತ್ರಿ ಮಲಗುವಾಗ 130 ಇದ್ದ ಸಕ್ಕರೆ, ನಡುವೆ ಏನನ್ನೂ ತಿನ್ನದೆ, ಬೆಳಿಗ್ಗೆ 190 ಆಗುವುದು ಅನೇಕರ ಅನುಭವ. ನಸುಕಿನ 3 ಗಂಟೆಯಿಂದ 8 ಗಂಟೆಯವರೆಗೆ ದೇಹವು ಎಚ್ಚರಕ್ಕೆ ಸಿದ್ಧವಾಗುತ್ತಿರುವಾಗ ಕಾರ್ಟಿಸೋಲ್ ಏರುತ್ತದೆ. ರಾತ್ರಿ ಸ್ರವಿಸಿದ ಬೆಳವಣಿಗೆಯ ಹಾರ್ಮೋನಿನ ಪರಿಣಾಮವೂ ಅದೇ ವೇಳೆಗೆ ಕಾಣುತ್ತದೆ. ಆಗ ಯಕೃತ್ತಿನ ತೂಬು ತೆರೆಯುತ್ತದೆ. ಆರೋಗ್ಯವಂತನಲ್ಲಿ ಇನ್ಸುಲಿನ್ ಸ್ವಲ್ಪ ಹೆಚ್ಚಿ ಇದನ್ನು ಸರಿದೂಗಿಸುತ್ತದೆ; ಮಧುಮೇಹಿಯಲ್ಲಿ ಸಾಧ್ಯವಾಗುವುದಿಲ್ಲ. ಉಷಃಕಾಲದ ಈ ಏರಿಕೆಯನ್ನು ವೈದ್ಯಶಾಸ್ತ್ರವು 1981ರಲ್ಲಿ ಹೆಸರಿಟ್ಟು ಗುರುತಿಸಿತು.

ಇದಕ್ಕೂ ಮೊದಲು, 1930ರ ದಶಕದಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿದ್ದ ಮೈಕೆಲ್ ಸೊಮೊಗಿ ಎಂಬ ವಿಜ್ಞಾನಿಯು ಬೇರೊಂದು ವಿವರಣೆ ನೀಡಿದ್ದರು. ರಾತ್ರಿಯ ಇನ್ಸುಲಿನ್ ಅತಿಯಾಗಿ ಸಕ್ಕರೆ ಕುಸಿದರೆ, ದೇಹವು ಗಾಬರಿಯಿಂದ ಪ್ರತಿಹಾರ್ಮೋನುಗಳನ್ನು ಹೊರಡಿಸಿ ಬೆಳಗಿನ ವೇಳೆಗೆ ಅದನ್ನು ಮೇಲೇರಿಸುವುದೆಂಬುದು ಅವರ ವಾದ. ಸಕ್ಕರೆಯನ್ನು ಹಗಲಿರುಳೂ ಅಳೆಯುವ ಸಂವೇದಕಗಳು ಬಂದ ಮೇಲೆ, ಇದು ಭಾವಿಸಿದ್ದಷ್ಟು ಸಾಮಾನ್ಯವಲ್ಲವೆಂದು ತಿಳಿದುಬಂದಿದೆ. ಬೆಳಗಿನ ಏರಿಕೆಗೆ ಬಹುತೇಕ ಉಷಃಕಾಲದ ಹಾರ್ಮೋನುಗಳೂ, ಸಂಜೆಯ ಔಷಧಿಯ ಪ್ರಭಾವ ಬೆಳಗಾಗುವ ಮೊದಲೇ ತೀರಿಹೋಗುವುದೂ ಕಾರಣ. ಆದರೂ ಇನ್ಸುಲಿನ್ ಪಡೆಯುವವರು ಎರಡು ಮೂರು ರಾತ್ರಿ 3 ಗಂಟೆಗೆ ಎದ್ದು ಅಳೆದು ನೋಡುವುದು ಲೇಸು. ಆಗ ಕಡಿಮೆ ಇದ್ದರೆ ಸಂಜೆಯ ಔಷಧಿಯನ್ನು ಹೆಚ್ಚಿಸುವುದು ಅಪಾಯಕಾರಿ; ಸಹಜವಾಗಿದ್ದು ಮುಂದೆ ಏರಿದ್ದರೆ ಚಿಕಿತ್ಸೆ ಬೇರೆ. ಒಂದೇ ಬೆಳಗಿನ ಅಂಕಿಗೆ ಎರಡು ವಿರುದ್ಧ ಉತ್ತರಗಳಿರುವಾಗ ಊಹೆಯಿಂದ ಔಷಧಿ ಬದಲಿಸುವುದು ತರವಲ್ಲ.

ಅರಿಯದೆ ಒಳಸೇರುವುದು

ಇಷ್ಟಾದ ಮೇಲೆ ಆಹಾರದ ಪ್ರಶ್ನೆಗೆ ಬರಬಹುದು. ಆದರೆ ನಿಂದೆಯ ಪ್ರಶ್ನೆಯಾಗಿ ಅಲ್ಲ, ಲೆಕ್ಕದ ಪ್ರಶ್ನೆಯಾಗಿ. ರಾಗಿ, ಜೋಳಗಳು ಸಕ್ಕರೆಯನ್ನು ಏರಿಸುವುದೇ ಇಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇವುಗಳಲ್ಲಿ ನಾರಿನಂಶ ಹೆಚ್ಚೆಂಬುದು ನಿಜ. ಆದರೆ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಶರ್ಕರಪಿಷ್ಟವೇ ಆಗಿದೆ. ಅನ್ನವನ್ನು ಬಿಟ್ಟು ಎರಡು ದೊಡ್ಡ ಮುದ್ದೆ ಉಂಡವರ ಸಕ್ಕರೆ ಏರಿದರೆ ಆಶ್ಚರ್ಯವಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿಯಂತೂ ಬೇಗ ಜೀರ್ಣವಾಗಿ ಬೇಗ ಏರಿಸುತ್ತದೆ. ಉಪವಾಸದ ದಿನ ಸೇವಿಸುವ ಸಾಬುದಾನಿ ಬಹುಪಾಲು ಪಿಷ್ಟವೇ. ಕೆಮ್ಮಿನ ಔಷಧಿ, ಲೇಹ್ಯ, ಪುಷ್ಟಿಯ ಪುಡಿಗಳಲ್ಲಿಯೂ ಸಕ್ಕರೆ ಇರಬಹುದು.

ಆಹಾರಕ್ಕಿಂತ ಹೆಚ್ಚು ಮರೆಯಾಗಿರುವುದು ಬೇರೆ ರೋಗಕ್ಕೆ ಕೊಟ್ಟ ಔಷಧಿ. ಉಬ್ಬಸ, ಕೀಲುನೋವು, ಚರ್ಮರೋಗಗಳಿಗೆ ಕೊಡುವ ಸ್ಟೆರಾಯ್ಡ್ ಔಷಧಿಗಳು ಸಕ್ಕರೆಯನ್ನು ತೀವ್ರವಾಗಿ ಏರಿಸುತ್ತವೆ. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೋಲೋನ್ ಮಾತ್ರೆಯ ಪರಿಣಾಮ ಮಧ್ಯಾಹ್ನ, ಸಂಜೆಗಳಲ್ಲಿ ಕಾಣುವುದರಿಂದ, ಬರಿಹೊಟ್ಟೆಯ ಪರೀಕ್ಷೆಯೊಂದನ್ನೇ ಮಾಡುವವರಿಗೆ ಅದು ತಿಳಿಯುವುದೇ ಇಲ್ಲ. ಮಂಡಿಗೆ ಚುಚ್ಚಿದ ಒಂದು ಸ್ಟೆರಾಯ್ಡ್ ಮದ್ದು ಹಲವು ದಿನ ಸಕ್ಕರೆಯನ್ನು ಮೇಲಿಡಬಲ್ಲುದು. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಕರ್ನಾಟಕವನ್ನೂ ಒಳಗೊಂಡು ದೇಶದ ಅನೇಕ ಕಡೆ ಕಪ್ಪು ಶಿಲೀಂಧ್ರ ರೋಗವು ಕಣ್ಣು, ಪ್ರಾಣಗಳನ್ನು ಅಪಹರಿಸಿದುದಕ್ಕೆ, ಹತೋಟಿ ತಪ್ಪಿದ ಸಕ್ಕರೆಯೂ ಸ್ಟೆರಾಯ್ಡುಗಳ ಬಳಕೆಯೂ ಮುಖ್ಯ ಕಾರಣಗಳಾಗಿದ್ದುದನ್ನು ವಾಚಕರು ಮರೆತಿರಲಾರರು. ಸ್ಟೆರಾಯ್ಡನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಕೊಟ್ಟ ವೈದ್ಯರಿಗೆ ಮಧುಮೇಹವಿರುವ ಸಂಗತಿಯನ್ನು ತಿಳಿಸಬೇಕು. ಹೆಸರಿಲ್ಲದ ಪುಡಿ, ಗುಳಿಗೆಗಳಿಂದ ನೋವು ಒಂದೇ ದಿನದಲ್ಲಿ ಮಾಯವಾಗಿ ಸಕ್ಕರೆ ಏರಿದ್ದರೆ, ಅದರಲ್ಲಿ ಸ್ಟೆರಾಯ್ಡ್ ಬೆರೆತಿರಬಹುದೆಂದು ಶಂಕಿಸಬೇಕು.

ಒಳಗಿನ ವ್ಯಾಧಿಯ ಮುನ್ಸೂಚನೆ

ಅನೇಕ ವೇಳೆ ಏರಿದ ಸಕ್ಕರೆಯು ಬೇರೊಂದು ರೋಗದ ಮೊದಲ ಸುದ್ದಿಯಾಗಿರುತ್ತದೆ. ಸೋಂಕಿನೊಂದಿಗೆ ಹೋರಾಡುವ ದೇಹವು ಪ್ರತಿಹಾರ್ಮೋನುಗಳನ್ನು ಹೆಚ್ಚಿಸುವುದರಿಂದ, ಜ್ವರ ಬರುವ ಮೊದಲೇ ಸಕ್ಕರೆ ಏರುವುದುಂಟು. ಮೂತ್ರದ ಉರಿ, ಒಸಡಿನ ಕೀವು, ಕಾಲ್ಬೆರಳುಗಳ ನಡುವಿನ ಹುಣ್ಣು ಇವನ್ನು ಮೊದಲು ನೋಡಬೇಕು. ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದಿರುವುದರಿಂದ, ಮನೆಯವರು ಅಂಗಾಲನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಕ್ಷಯರೋಗದ ಸಂಭವವು ಮಧುಮೇಹಿಗಳಲ್ಲಿ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಇವುಗಳೊಂದಿಗೆ ಸಕ್ಕರೆ ಏರಿದ್ದರೆ ಕಫಪರೀಕ್ಷೆ ಮಾಡಿಸದೆ ಬಿಡಬಾರದು. ಹೃದಯಾಘಾತವು ಮಧುಮೇಹಿಗಳಲ್ಲಿ ಎದೆನೋವಿಲ್ಲದೆಯೂ ಬರಬಹುದು. ಅಕಾರಣ ಬೆವರು, ಉಬ್ಬಸ, ಅತಿ ಆಯಾಸಗಳೊಂದಿಗೆ ಏರಿದ ಸಕ್ಕರೆಯನ್ನು ಅಲಕ್ಷಿಸುವಂತಿಲ್ಲ. 50 ವರ್ಷ ದಾಟಿದವರಲ್ಲಿ ಹತೋಟಿಯಲ್ಲಿದ್ದ ಸಕ್ಕರೆ ಥಟ್ಟನೆ ಹದಗೆಟ್ಟು, ಪ್ರಯತ್ನವಿಲ್ಲದೆ ತೂಕವೂ ಇಳಿಯುತ್ತಿದ್ದರೆ, ಮೇದೋಜೀರಕ ಗ್ರಂಥಿಯಲ್ಲಿಯೇ ಅರ್ಬುದ ಮೊದಲಾದ ದೋಷವಿದೆಯೇ ಎಂದು ನೋಡುವುದು ಅವಶ್ಯಕ. ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ನಿದ್ರಾಭಂಗ, ದುಃಖ, ಶಸ್ತ್ರಚಿಕಿತ್ಸೆ ಇವೂ ಸಕ್ಕರೆಯನ್ನು ಏರಿಸುತ್ತವೆ.

ಈ ಯಾವುವೂ ಇಲ್ಲದೆ ತಿಂಗಳಿನಿಂದ ತಿಂಗಳಿಗೆ ಮೆಲ್ಲನೆ ಏರುತ್ತಿದ್ದರೆ, ರೋಗವೇ ಮುಂದುವರಿದಿದೆಯೆಂದು ತಿಳಿಯಬೇಕು. ಬ್ರಿಟನ್ನಿನಲ್ಲಿ ಸುಮಾರು 20 ವರ್ಷ ನಡೆದು 1998ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವು, ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಶಕ್ತಿ ವರ್ಷೇ ವರ್ಷೇ ಕುಂದುವುದೆಂದು ತೋರಿಸಿತು. ಹತ್ತು ವರ್ಷ ಒಂದೇ ಮಾತ್ರೆಯಲ್ಲಿ ಚೆನ್ನಾಗಿದ್ದವರಿಗೆ ಎರಡನೆಯದು, ಮುಂದೆ ಇನ್ಸುಲಿನ್, ಬೇಕಾಗುವುದು ರೋಗದ ಸ್ವಭಾವ. ಅದು ರೋಗಿಯ ಸೋಲೂ ಅಲ್ಲ, ಶಿಕ್ಷೆಯೂ ಅಲ್ಲ.

ತಡಮಾಡಬಾರದ ಸಂದರ್ಭ, ಮತ್ತು ಮಕ್ಕಳು

ಒಂದನೆಯ ಬಗೆಯ ಮಧುಮೇಹವು ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ಆರಂಭವಾಗುತ್ತದೆ. ಇವರ ದೇಹದಲ್ಲಿ ಇನ್ಸುಲಿನ್ ಬಹುಮಟ್ಟಿಗೆ ಇಲ್ಲವೇ ಇಲ್ಲ. ಚುಚ್ಚುಮದ್ದು ತಪ್ಪಿದರೆ ಅಥವಾ ಕೆಟ್ಟಿದ್ದರೆ, ದೇಹವು ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲೀಯ ವಸ್ತುಗಳನ್ನು ಉಂಟುಮಾಡುತ್ತದೆ. ಸಕ್ಕರೆ 250ಕ್ಕೆ ಮೇಲಿದ್ದು ವಾಂತಿ, ಹೊಟ್ಟೆನೋವು, ದೀರ್ಘ ಉಸಿರಾಟ, ಕೊಳೆತ ಹಣ್ಣಿನಂಥ ಉಸಿರಿನ ವಾಸನೆ, ಮಂಪರು ಕಂಡುಬಂದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಊಟ ಮಾಡಿಲ್ಲವೆಂದು ಇಂಥವರ ಇನ್ಸುಲಿನ್ನನ್ನು ನಿಲ್ಲಿಸುವುದು ನಮ್ಮ ಮನೆಗಳಲ್ಲಿ ನಡೆಯುವ ಮಾರಕ ತಪ್ಪು. ಪ್ರಮಾಣವನ್ನು ವೈದ್ಯರನ್ನು ಕೇಳಿ ಬದಲಿಸಬಹುದು, ಪೂರ್ತಿ ನಿಲ್ಲಿಸುವಂತಿಲ್ಲ. ವೃದ್ಧರಲ್ಲಿ ಸಕ್ಕರೆ ಬಹಳ ಏರಿ ನೀರು ಬತ್ತಿ ಪ್ರಜ್ಞೆ ಮಸುಕಾದರೂ ಇಷ್ಟೇ ತುರ್ತು.

ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು. ತರಗತಿಯಲ್ಲಿ ಪದೇ ಪದೇ ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಅನುಮತಿ ಕೇಳುವ, ಉಂಡರೂ ಸೊರಗುತ್ತಿರುವ ಮಗುವನ್ನು ಗದರಿಸುವ ಮೊದಲು ಒಮ್ಮೆ ಸಕ್ಕರೆಯ ಪರೀಕ್ಷೆ ಮಾಡಿಸಿರಿ. ವಸತಿನಿಲಯದಲ್ಲಿ ದೊಡ್ಡ ಹುಡುಗನೊಬ್ಬ ಹೊಸದಾಗಿ ಹಾಸಿಗೆ ಒದ್ದೆಮಾಡತೊಡಗಿದರೆ ಅದು ಸೋಮಾರಿತನವಾಗಿರದೆ ಈ ರೋಗದ ಮೊದಲ ಚಿಹ್ನೆಯಾಗಿರಬಹುದು. ಇನ್ನು, ಮಧುಮೇಹವಿದೆಯೆಂದು ಮೊದಲೇ ಗೊತ್ತಿರುವ ಮಕ್ಕಳಲ್ಲಿ ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನುಗಳಿಂದ, ಪರೀಕ್ಷೆಯ ಆತಂಕದಿಂದ, ಹೆಣ್ಣುಮಕ್ಕಳಲ್ಲಿ ಋತುಸ್ರಾವದ ಮುಂಚಿನ ದಿನಗಳಿಂದ ಸಕ್ಕರೆ ಏರುವುದು ಸಹಜ. ಆ ಮಗುವಿಗೆ ಬೇಕಾದುದು ಚುಚ್ಚುಮದ್ದು ತೆಗೆದುಕೊಳ್ಳಲು ಶುಚಿಯಾದ ಒಂದು ಸ್ಥಳ, ಔಷಧಿ ಇಡಲು ಒಂದು ತಂಪಾದ ಮೂಲೆ, ಮತ್ತು ನಿಜವಾದ ಅಂಕಿಯನ್ನು ಅಂಜದೆ ಹೇಳಬಹುದಾದ ಒಬ್ಬ ಹಿರಿಯರು. ದಾನಿಗಳು ಶಾಲೆಗಳಿಗೆ ಕೊಡಬಹುದಾದ ವಸ್ತುಗಳಲ್ಲಿ ಒಂದು ಪರೀಕ್ಷಾಯಂತ್ರ ಮತ್ತು ಪಟ್ಟಿಗಳು ಅಲ್ಪ ವೆಚ್ಚದ, ಅಧಿಕ ಫಲದ ಕೊಡುಗೆಯೆಂದು ಇಲ್ಲಿ ಸೂಚಿಸಬಹುದು.

ಆಚರಣೆಯ ಕ್ರಮ

ಮೇಲೆ ಹೇಳಿದುದನ್ನು ಸಂಗ್ರಹಿಸುವುದಾದರೆ: ಮೊದಲು ಕೈತೊಳೆದು ಮತ್ತೆ ಅಳೆಯುವುದು, ಅನಂತರ ಔಷಧಿಯ ಅವಧಿ, ತಾಪ, ಸಿರಿಂಜು, ಚುಚ್ಚುವ ಜಾಗ ಇವನ್ನು ನೋಡುವುದು, ಬಳಿಕ ಏರಿಕೆಯು ಯಾವ ವೇಳೆಯದೆಂದು ಗುರುತಿಸುವುದು, ಅದಾದ ಮೇಲೆ ಆಹಾರ ಮತ್ತು ಇತರ ಔಷಧಿಗಳ ಲೆಕ್ಕ, ಕೊನೆಯಲ್ಲಿ ಸೋಂಕು ಮತ್ತು ಇತರ ರೋಗಗಳ ಶೋಧ. ಅಪಾಯದ ಚಿಹ್ನೆಗಳಿದ್ದರೆ ಈ ಕ್ರಮವನ್ನೆಲ್ಲ ಬದಿಗಿಟ್ಟು ಮೊದಲು ಆಸ್ಪತ್ರೆ.

ಇದಾವುದನ್ನೂ ಮಾಡದೆ ತಾವಾಗಿಯೇ ಔಷಧಿಯನ್ನು ಹೆಚ್ಚಿಸಿಕೊಳ್ಳುವ ಅಭ್ಯಾಸ ಒಳ್ಳೆಯದಲ್ಲ. ಬಿಸಿಲಿಗೆ ಕೆಟ್ಟ ಇನ್ಸುಲಿನ್ನನ್ನು ಇಮ್ಮಡಿ ಮಾಡಿಕೊಂಡವನು ಹೊಸ ಸೀಸೆ ತೆರೆದ ದಿನ ಅದೇ ಪ್ರಮಾಣವನ್ನು ಚುಚ್ಚಿಕೊಂಡರೆ, ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಕಾರಣವನ್ನರಿಯದ ಚಿಕಿತ್ಸೆಯು ಹೊಸದೊಂದು ರೋಗಕ್ಕೆ ದಾರಿಯಾಗುವುದು ಹೀಗೆ. ದಿನಾಂಕ, ವೇಳೆ, ಅಂಕಿ, ಊಟ, ಔಷಧಿ, ಮೈಸ್ಥಿತಿ ಎಂಬ ಆರು ಗೆರೆಗಳುಳ್ಳ ಒಂದು ಸಾಧಾರಣ ನೋಟುಪುಸ್ತಕವನ್ನಿಟ್ಟುಕೊಂಡು ವೈದ್ಯರ ಮುಂದೆ ತೆರೆದರೆ, ಹತ್ತು ನಿಮಿಷದಲ್ಲಿ ಅವರಿಗೆ ಕಾಣುವುದು ಬರಿಯ ಮಾತಿನಿಂದ ಕಾಣಲಾರದು. ಆ ಪುಸ್ತಕದಲ್ಲಿ ಬರೆಯುವ ಅಂಕಿಗಳು ಸತ್ಯವಾಗಿರಬೇಕಾದರೆ ಬರೆಯುವವರಿಗೆ ಮನೆಯಲ್ಲಿ ಭಯವಿರಬಾರದು. ಮುಂದಿನ ಬಾರಿ ಮನೆಯ ಹಿರಿಯರ ಸಕ್ಕರೆ ಏರಿದಾಗ "ಏನು ತಿಂದಿರಿ?" ಎಂಬುದಕ್ಕೆ ಮೊದಲು "ಮೈ ಹೇಗಿದೆ? ಕಾಲು ತೋರಿಸಿ ನೋಡೋಣ" ಎಂದು ಕೇಳುವವರು ಒಬ್ಬಿಬ್ಬರಾದರೂ ಹೆಚ್ಚಿದರೆ ಈ ಬರಹದ ಶ್ರಮ ಸಾರ್ಥಕ.